ಮೌಸ್ ನಿಂತರೆ ಲೆಕ್ಕ ನಿಲ್ಲಬಾರದು
(ಹಳೆಯ ಗಣಕಯಂತ್ರವುಳ್ಳ ಸಂಘಗಳಿಗೂ ಬೆಳೆಗಾರರ ಮನೆಗಳಿಗೂ ಒಂದು ಪಾಠ)

ತೆಂಗಿನ ಗರಿ ಹಳದಿಯಾದ ಕೂಡಲೇ ನಮ್ಮಲ್ಲಿ ಯಾರೂ ಮರಕ್ಕೆ ಕೊಡಲಿ ಹಾಕುವುದಿಲ್ಲ. ನೀರು ಕಡಿಮೆಯಾಯಿತೇ, ಬುಡದಲ್ಲಿ ನೀರು ನಿಂತಿತೇ, ಗೊಬ್ಬರ ಸಾಲದೇ, ಬೇರಿಗೆ ರೋಗ ಬಿದ್ದಿತೇ ಎಂದು ಒಂದೊಂದಾಗಿ ನೋಡುತ್ತೇವೆ. ಆದರೆ ಇದೇ ನಾವು, ಗಣಕಯಂತ್ರದ ಪರದೆಯ ಮೇಲಿನ ಬಾಣ ಅಲುಗದೆ ನಿಂತ ಕೂಡಲೇ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತೇವೆ. ನಾನೂ ಹಾಗೆ ಮಾಡಿದವನೇ. ಅದರಿಂದ ಆದ ತೊಂದರೆಯನ್ನು ಮೊದಲು ತಿಳಿಸಿ, ಅನಂತರ ಪಾಠಕ್ಕೆ ಬರುತ್ತೇನೆ.

ಒಂದು ಮಾರ್ಚ್ 31ರಂದು ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಬೆಳೆ ಸಾಲದ ಕಂತು ಕಟ್ಟಲು ಅದೇ ಕಡೆಯ ದಿನ. ಗಡುವಿನೊಳಗೆ ಕಟ್ಟಿದವರಿಗೆ ಬಡ್ಡಿಯ ರಿಯಾಯಿತಿ ಉಂಟು, ಗಡುವು ದಾಟಿದರೆ ಇಲ್ಲ ಎಂಬುದು ಸದಸ್ಯರೆಲ್ಲರಿಗೂ ತಿಳಿದದ್ದೇ. ಆದುದರಿಂದ ಕೊಬ್ಬರಿ ಮಾರಿದ ಹಣ ಕೈಗೆ ಬಂದವರು, ಬಾರದೆ ಕೈಸಾಲ ಮಾಡಿಕೊಂಡು ಬಂದವರು, ಎಲ್ಲರೂ ಅಂದು ಕಚೇರಿಯ ಜಗಲಿ ತುಂಬ ಕುಳಿತಿದ್ದರು. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ 43 ಜನರ ಹಣ ಜಮಾ ಆಗಿತ್ತು. ನಮ್ಮ ಲೆಕ್ಕದ ಪ್ರೋಗ್ರಾಂ ಹಳೆಯದು. ದಿನದ ನಮೂದುಗಳನ್ನು ಒಂದು ಕಡೆ ಕೂಡಿಟ್ಟುಕೊಂಡು, ಸಂಜೆ ದಿನದ ಲೆಕ್ಕ ಮುಗಿಸಿದಾಗ ಮಾತ್ರ ಅದು ಖಾತೆಗಳಿಗೆ ಏರಿಸುತ್ತಿತ್ತು.

ಎರಡು ಗಂಟೆಗೆ ಬಾಣ ನಿಂತಿತು. ಗುಮಾಸ್ತರು ಮೌಸನ್ನು ಮೇಜಿಗೆ ಎರಡು ಸಲ ಕುಟ್ಟಿದರು. ನಾನು, ‘ಹ್ಯಾಂಗ್ ಆಗಿದೆ, ಆಫ್ ಮಾಡಿ ಆನ್ ಮಾಡಿ’ ಎಂದೆ. ಆಫ್ ಮಾಡಿ ಆನ್ ಮಾಡಿದರು. ಯಂತ್ರವೇನೋ ಎದ್ದಿತು, ಆದರೆ ಅಂದಿನ ನಮೂದುಗಳಿದ್ದ ಕಡತ ಕೆಟ್ಟುಹೋಗಿತ್ತು. 43 ಜನರ ಲೆಕ್ಕವೂ ಮಾಯ. ಮೌಸ್ ಮಾತ್ರ ಆಗಲೂ ಕದಲಲಿಲ್ಲ.

ರಸೀದಿಗಳ ಕಾರ್ಬನ್ ಪ್ರತಿ ನಮ್ಮಲ್ಲಿ ಉಳಿದಿದ್ದುದರಿಂದ 42 ಜನರ ಲೆಕ್ಕವನ್ನು ಮತ್ತೆ ಕಟ್ಟಿದೆವು. ಆದರೆ ಪೆಟ್ಟಿಗೆಯಲ್ಲಿದ್ದ ಹಣ ರಸೀದಿಗಳ ಮೊತ್ತಕ್ಕಿಂತ ಹೆಚ್ಚಿತ್ತು. ಯಾರದೋ ಹಣ ಬಂದಿದೆ, ರಸೀದಿ ಹೊರಡುವ ಮೊದಲೇ ಯಂತ್ರ ಆರಿದೆ. ರಾತ್ರಿ ಹನ್ನೊಂದರವರೆಗೆ ಸದಸ್ಯರ ಪಟ್ಟಿ ಹಿಡಿದು ಫೋನು ಮಾಡಿದೆವು. ಕಡೆಗೆ ತಿಳಿಯಿತು, ತುರುವೇಕೆರೆ ಕಡೆಯ ಒಂದು ಹಳ್ಳಿಯ ವಯಸ್ಸಾದ ತಾಯಿಯೊಬ್ಬರು ಹಣ ಕೊಟ್ಟು, ‘ಆಮೇಲೆ ಬಂದು ರಸೀದಿ ತೆಗೆದುಕೊಳ್ಳಿ’ ಎಂಬ ಮಾತನ್ನು ನಂಬಿ, ಸಂಜೆಯ ಬಸ್ಸಿಗೆ ಊರಿಗೆ ಹೋಗಿದ್ದರು. ಮರುದಿನ ಅವರು ಬಂದು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: ‘ಅಲ್ಲಪ್ಪಾ, ನನ್ನ ದುಡ್ಡು ಆ ಮಿಷಿನ್ನೊಳಕ್ಕೆ ಹೋಯ್ತೋ, ನಿನ್ನ ಡ್ರಾಯರಿಗೆ ಹೋಯ್ತೋ?’ ಪೆಟ್ಟಿಗೆಯ ಲೆಕ್ಕ ಅಂದೇ ತಾಳೆಯಾಗದಿದ್ದರೆ ಆ ತಾಯಿಯ ಖಾತೆ ಗಡುವು ದಾಟಿದ ಖಾತೆಯಾಗುತ್ತಿತ್ತು.

ಮರುದಿನ ತಿಪಟೂರಿನಿಂದ ಬಂದ ರಿಪೇರಿಯ ಹುಡುಗ ಯಂತ್ರವನ್ನು ಮುಟ್ಟಲೇ ಇಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿದ. ಮೇಜಿನ ಕೆಳಗಿನ ಖಾನೆಯಲ್ಲಿ ಮಾದರಿಗೆಂದು ಇಟ್ಟಿದ್ದ ಕೊಬ್ಬರಿಯ ವಾಸನೆಗೆ ಬಂದ ಇಲಿ, ಕೊಬ್ಬರಿಯ ಜೊತೆಗೆ ಮೌಸಿನ ವೈರನ್ನೂ ಕಡಿದಿತ್ತು. ಹುಡುಗ ಹೊಸ ಮೌಸ್ ಸಿಕ್ಕಿಸಿ ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಹೋಗುವಾಗ ಕೇಳಿದ: ‘ಸಾರ್, ಆಫ್ ಮಾಡೋಕೆ ಮುಂಚೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿದ್ರಾ?’ ನೋಡಿರಲಿಲ್ಲ. ಅದನ್ನು ನೋಡುವುದು ಹೇಗೆ, ಅನಂತರ ಏನು ಮಾಡುವುದು ಎಂಬುದೇ ಈ ಪಾಠದ ವಿಷಯ.

ಹಳೆಯ ಯಂತ್ರ ಇನ್ನೂ ಏಕಿದೆ?

ಹಳೆಯ ವ್ಯವಸ್ಥೆಗಳಿಗೆ ಅವುಗಳ ತಯಾರಕರು ಕೊಡುತ್ತಿದ್ದ ಆಧಾರ ಮುಗಿದಿದೆ. ವಿಂಡೋಸ್ 98ಕ್ಕೆ 2006ರ ಜುಲೈನಲ್ಲಿ, ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಅದು ಕೊನೆಗೊಂಡಿತು. ಆದರೂ ಇಂಥ ಯಂತ್ರಗಳು ಅಲ್ಲಲ್ಲಿ ಉಳಿದಿವೆ. ಹಳೆಯ ಲೆಕ್ಕದ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಏಳುವುದಿಲ್ಲ. ಚುಕ್ಕಿ ಅಚ್ಚಿನ ಹಳೆಯ ಪ್ರಿಂಟರಿನ ಅಗಲ ತಂತಿಗೆ ಹೊಸ ಯಂತ್ರದಲ್ಲಿ ತೂತೇ ಇಲ್ಲ. ಹತ್ತಾರು ವರ್ಷಗಳ ಸದಸ್ಯರ ಖಾತೆ, ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ನಡವಳಿ, ಎಲ್ಲವೂ ಅಲ್ಲೇ ಇವೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸ ಯಂತ್ರ ಬಂದ ಸಂಘದಲ್ಲೂ ಹಿಂದಿನ ವರ್ಷಗಳ ಲೆಕ್ಕ ನೋಡಬೇಕಾದರೆ ಮೂಲೆಯ ಹಳೆಯ ಯಂತ್ರವನ್ನೇ ಎಬ್ಬಿಸಬೇಕಾಗುತ್ತದೆ. ಅನೇಕ ಬೆಳೆಗಾರರ ಮನೆಗಳಲ್ಲೂ ಮಕ್ಕಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಯಂತ್ರದಲ್ಲಿ ತೋಟದ ಲೆಕ್ಕ ಇದೆ.

ಒಂದು ಎಚ್ಚರಿಕೆ. ಆಧಾರ ಮುಗಿದ ವ್ಯವಸ್ಥೆಯನ್ನು ಅಂತರಜಾಲಕ್ಕೆ ಜೋಡಿಸಕೂಡದು. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಲೇಬಾರದು. ಹಳೆಯ ಲೆಕ್ಕ ನೋಡುವುದಕ್ಕೆ, ಮುದ್ರಿಸುವುದಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳತಕ್ಕದ್ದು.

ಮೌಸಿನ ಜಾತಿಗಳು

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಎಂಬುವರು 1964ರಲ್ಲಿ ಮೊದಲ ಮೌಸನ್ನು ರೂಪಿಸಿದರು. ಅದು ಮರದ ಒಂದು ಚಿಕ್ಕ ಪೆಟ್ಟಿಗೆ. ಕೆಳಗೆ ಒಂದಕ್ಕೊಂದು ಅಡ್ಡವಾಗಿ ಎರಡು ಚಕ್ರಗಳಿದ್ದವು. ಒಂದು ಚಕ್ರ ಎಡ-ಬಲದ ಚಲನೆಯನ್ನೂ ಇನ್ನೊಂದು ಹಿಂದೆ-ಮುಂದಿನ ಚಲನೆಯನ್ನೂ ಅಳೆಯುತ್ತಿತ್ತು. 1968ರ ಡಿಸೆಂಬರ್ 9ರಂದು ಅದನ್ನು ಮೊದಲು ಸಾರ್ವಜನಿಕವಾಗಿ ತೋರಿಸಲಾಯಿತು. ವೈರು ಬಾಲದಂತೆ ಕಾಣುತ್ತಿದ್ದುದರಿಂದ ಇಲಿ ಎಂಬ ಹೆಸರು ಅಂಟಿಕೊಂಡಿತು.

ಇಂದು ನಮ್ಮ ಕಚೇರಿಗಳಲ್ಲಿ ಕಾಣುವ ಮೌಸ್‌ಗಳಲ್ಲಿ ಎರಡು ಮುಖ್ಯ ಜಾತಿಗಳಿವೆ.

ಮೊದಲನೆಯದು ಗುಂಡಿನ ಮೌಸ್. ಮಗುಚಿದರೆ ರಬ್ಬರು ಹೊದಿಸಿದ ಒಂದು ಗುಂಡು ಕಾಣುತ್ತದೆ. ಮೌಸ್ ಸರಿದಾಗ ಗುಂಡು ಉರುಳುತ್ತದೆ, ಒಳಗೆ ಒಂದಕ್ಕೊಂದು ಅಡ್ಡವಾಗಿರುವ ಎರಡು ಪುಟ್ಟ ಉರುಳೆಗಳನ್ನು ತಿರುಗಿಸುತ್ತದೆ. ಉರುಳೆಗಳ ತುದಿಯಲ್ಲಿ ಸೀಳುಗಳಿರುವ ಬಿಲ್ಲೆಗಳಿವೆ. ಬಿಲ್ಲೆ ತಿರುಗಿದಂತೆ ಸೀಳಿನ ಮೂಲಕ ಬೆಳಕು ಬಂದು ಹೋಗುವುದನ್ನು ಎಣಿಸಿ ಯಂತ್ರ ಬಾಣವನ್ನು ಸರಿಸುತ್ತದೆ.

ಎರಡನೆಯದು ಬೆಳಕಿನ ಮೌಸ್. ಕೆಳಗೆ ಕೆಂಪು ದೀಪ ಉರಿಯುತ್ತಿರುತ್ತದೆ. ದೀಪದ ಬೆಳಕಿನಲ್ಲಿ ಒಂದು ಪುಟ್ಟ ಕಣ್ಣು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಮೇಲ್ಮೈಯ ಚಿತ್ರ ತೆಗೆದು, ಹಿಂದಿನ ಚಿತ್ರಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಹೀಗೆ ಕೆಲಸದ ಕ್ರಮ ಬೇರೆ ಬೇರೆಯಾದುದರಿಂದ ರೋಗಗಳೂ ಬೇರೆ ಬೇರೆ.

ಜೋಡಣೆಯಲ್ಲೂ ಎರಡು ಬಗೆ. ದುಂಡನೆಯ ಪ್ಲಗ್ಗಿನ ಪಿಎಸ್-2 ಎಂಬುದು 1987ರಲ್ಲಿ ಬಂದದ್ದು. ಮೌಸಿಗೆ ಹಸಿರು, ಕೀಲಿಮಣೆಗೆ ನೇರಳೆ ಬಣ್ಣ. ಚಪ್ಪಟೆಯಾದ ಯುಎಸ್‌ಬಿ ಪ್ಲಗ್ಗು ಅದರ ಅನಂತರದ್ದು.

ಮೊದಲ ಹೆಜ್ಜೆ: ಯಂತ್ರಕ್ಕೆ ಜೀವವಿದೆಯೇ?

ಬಾಣ ನಿಂತೊಡನೆ ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒಮ್ಮೆ ಒತ್ತಿ. ಬಲಗಡೆ ಮೇಲಿರುವ ಚಿಕ್ಕ ದೀಪ ಹತ್ತಬೇಕು. ಮತ್ತೊಮ್ಮೆ ಒತ್ತಿದರೆ ಆರಬೇಕು. ಹಾಗೆ ಹತ್ತಿ ಆರಿದರೆ ಯಂತ್ರ ಜೀವಂತವಾಗಿದೆ, ನಿಮ್ಮ ಲೆಕ್ಕವೂ ಹಾಗೇ ಇದೆ, ಕೆಟ್ಟಿರುವುದು ಮೌಸ್ ಮಾತ್ರ ಎಂದು ಬಹುಮಟ್ಟಿಗೆ ಹೇಳಬಹುದು. ಇಂಥ ಸಮಯದಲ್ಲಿ ಸ್ವಿಚ್ ಆರಿಸುವುದು ಕೈಗೆ ಪೆಟ್ಟಾದವನನ್ನು ಸತ್ತನೆಂದು ಹೂಳಿದಂತೆ.

ದೀಪ ಬದಲಾಗದಿದ್ದರೂ ಆತುರ ಬೇಡ. ಕೀಲಿಮಣೆಯ ವೈರು ಸಡಿಲವಾಗಿದೆಯೇ ನೋಡಿ. ಪೆಟ್ಟಿಗೆಯ ಮುಂಭಾಗದಲ್ಲಿ ಮಿನುಗುವ ದೀಪ ಇನ್ನೂ ಮಿನುಗುತ್ತಿದ್ದರೆ ಯಂತ್ರ ಏನೋ ಕೆಲಸದಲ್ಲಿ ಮುಳುಗಿದೆ ಎಂದರ್ಥ. ಹಳೆಯ ಯಂತ್ರ ನಿಧಾನ. ಐದು ನಿಮಿಷ ಬಿಡಿ. ಅನಂತರ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಯಾವುದಕ್ಕೂ ಉತ್ತರವಿಲ್ಲದಿದ್ದರೆ ಮಾತ್ರ ಸ್ವಿಚ್ಚಿಗೆ ಕೈ ಹಾಕಬಹುದು.

ಎರಡನೆಯ ಹೆಜ್ಜೆ: ಮೌಸಿಲ್ಲದೆ ಲೆಕ್ಕ ಉಳಿಸುವುದು

ಮೌಸ್ ಮಾಡುವ ಕೆಲಸವನ್ನೆಲ್ಲ ಕೀಲಿಮಣೆಯೂ ಮಾಡಬಲ್ಲದು. ಕೆಳಗಿನ ಕೀಲಿಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳತಕ್ಕದ್ದು.

1. ಕಂಟ್ರೋಲ್ ಹಿಡಿದು ಎಸ್: ಬಹುತೇಕ ಪ್ರೋಗ್ರಾಂಗಳಲ್ಲಿ ಕಡತ ಉಳಿಸಲು.
2. ಆಲ್ಟ್ ಹಿಡಿದು ಟ್ಯಾಬ್: ತೆರೆದಿರುವ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು.
3. ಟ್ಯಾಬ್: ಒಂದು ಖಾನೆಯಿಂದ ಮುಂದಿನ ಖಾನೆಗೆ, ಶಿಫ್ಟ್ ಹಿಡಿದು ಟ್ಯಾಬ್: ಹಿಂದಿನ ಖಾನೆಗೆ.
4. ಎಂಟರ್ ಅಥವಾ ಖಾಲಿ ಜಾಗದ ಉದ್ದ ಕೀಲಿ: ಗುಂಡಿ ಒತ್ತಲು.
5. ಆಲ್ಟ್ ಒಂದನ್ನೇ ಒತ್ತಿ ಬಿಟ್ಟರೆ ಮೇಲಿನ ಪಟ್ಟಿಗೆ ಹೋಗುತ್ತದೆ. ಬಾಣದ ಕೀಲಿಗಳಿಂದ ಬೇಕಾದುದನ್ನು ಆರಿಸಿ ಎಂಟರ್ ಒತ್ತಬೇಕು.
6. ಶಿಫ್ಟ್ ಹಿಡಿದು ಎಫ್10: ಮೌಸಿನ ಬಲಗುಂಡಿ ಒತ್ತಿದಂತೆ.
7. ಆಲ್ಟ್ ಹಿಡಿದು ಎಫ್4: ಕಿಟಕಿ ಮುಚ್ಚಲು.

ಎಲ್ಲ ಕಿಟಕಿಗಳನ್ನೂ ಮುಚ್ಚಿದ ಮೇಲೆ ಯಂತ್ರವನ್ನು ಕ್ರಮವಾಗಿ ಆರಿಸಬೇಕು. ಸಾಮಾನ್ಯವಾಗಿ ಎಕ್ಸ್‌ಪಿಯಲ್ಲಿ ವಿಂಡೋಸ್ ಕೀಲಿ, ಆಮೇಲೆ ಯು, ಮತ್ತೊಮ್ಮೆ ಯು. ವಿಂಡೋಸ್ 7ರಲ್ಲಿ ವಿಂಡೋಸ್ ಕೀಲಿ, ಬಲಗಡೆಯ ಬಾಣ, ಎಂಟರ್. ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯೇ ಇಲ್ಲದಿದ್ದರೆ ಕಂಟ್ರೋಲ್ ಹಿಡಿದು ಎಸ್ಕೇಪ್ ಒತ್ತಬಹುದು.

ಬಾಣವೇ ಬೇಕೆನ್ನುವ ಪ್ರೋಗ್ರಾಂಗಳೂ ಉಂಟು. ಅದಕ್ಕೂ ಉಪಾಯವಿದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಂ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಮೌಸ್ ಕೀಸ್’ ಎಂಬ ಪ್ರಶ್ನೆ ಬರುತ್ತದೆ. ಎಂಟರ್ ಒತ್ತಿ ಒಪ್ಪಬೇಕು. ಆಗ ಕೀಲಿಮಣೆಯ ಬಲತುದಿಯ ಅಂಕಿಗಳೇ ಮೌಸ್ ಆಗುತ್ತವೆ. 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ. 5 ಒತ್ತಿದರೆ ಒಂದು ಒತ್ತು, ಕೂಡುವ ಚಿಹ್ನೆ ಒತ್ತಿದರೆ ಎರಡು ಒತ್ತು.

ಇಲ್ಲಿ ಲೆಕ್ಕ ಬರೆಯುವವರು ಬಹಳ ಎಚ್ಚರದಿಂದಿರಬೇಕು. ನಮ್ಮ ಗುಮಾಸ್ತರೆಲ್ಲ ರೂಪಾಯಿಯ ಮೊತ್ತವನ್ನು ಬಲತುದಿಯ ಅಂಕಿಗಳಿಂದಲೇ ಹೊಡೆಯುವವರು. ಮೌಸ್ ಕೀಸ್ ನಡೆಯುತ್ತಿರುವಾಗ ಅಲ್ಲಿ ಅಂಕಿ ಬೀಳುವುದಿಲ್ಲ, ಬಾಣ ಓಡುತ್ತದೆ. ಪರದೆ ನೋಡದೆ ಹೊಡೆದು ಎಂಟರ್ ಒತ್ತಿದರೆ ಸದಸ್ಯರ ಖಾತೆಗೆ ತಪ್ಪು ಮೊತ್ತ ಏರೀತು. ಆ ಹೊತ್ತಿನಲ್ಲಿ ಮೊತ್ತವನ್ನು ಅಕ್ಷರಗಳ ಮೇಲಿನ ಸಾಲಿನ ಅಂಕಿಗಳಿಂದ ಮಾತ್ರ ಹೊಡೆಯತಕ್ಕದ್ದು, ಪ್ರತಿ ಬಾರಿಯೂ ಪರದೆಯಲ್ಲಿ ಓದಿ ನೋಡತಕ್ಕದ್ದು.

ಮೂರನೆಯ ಹೆಜ್ಜೆ: ಲಕ್ಷಣ ನೋಡಿ ಕಾರಣ ಹುಡುಕುವುದು

ಲೆಕ್ಕ ಭದ್ರವಾದ ಮೇಲೆ ಮೌಸಿನ ಚಿಕಿತ್ಸೆ. ಸಸ್ಯ ಸಂರಕ್ಷಣೆಯ ಪಾಠಗಳಲ್ಲಿರುವಂತೆ ಲಕ್ಷಣ, ಕಾರಣ, ಪರಿಹಾರ ಎಂಬ ಕ್ರಮದಲ್ಲೇ ನೋಡೋಣ.

(ಅ) ಬಾಣ ಕದಲುವುದಿಲ್ಲ, ಕೆಳಗಿನ ಕೆಂಪು ದೀಪವೂ ಇಲ್ಲ. ಮೌಸಿಗೆ ವಿದ್ಯುತ್ತು ತಲುಪುತ್ತಿಲ್ಲ. ಪ್ಲಗ್ಗು ಸಡಿಲವಾಗಿದೆಯೇ, ವೈರು ಕಡಿದಿದೆಯೇ ನೋಡಿ. ವೈರು ಹೆಚ್ಚಾಗಿ ಎರಡು ಕಡೆ ಒಳಗೊಳಗೇ ತುಂಡಾಗುತ್ತದೆ: ಮೌಸಿನ ಮೂತಿಯ ಬಳಿ, ಇಲ್ಲವೇ ಪ್ಲಗ್ಗಿನ ಬುಡದಲ್ಲಿ. ಆ ಜಾಗವನ್ನು ಮೆಲ್ಲನೆ ಬಾಗಿಸಿದಾಗ ದೀಪ ಮಿಣಕ್ಕೆಂದರೆ ರೋಗ ಅಲ್ಲೇ ಇದೆ. ಯುಎಸ್‌ಬಿ ಮೌಸಾದರೆ ಬೇರೊಂದು ತೂತಿಗೆ ಸಿಕ್ಕಿಸಿ ನೋಡಿ. ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನೋಡುವುದು ಇನ್ನೂ ಒಳ್ಳೆಯದು. ಅಲ್ಲಿ ನಡೆದರೆ ಮೌಸ್ ಸರಿ, ದೋಷ ನಿಮ್ಮ ಯಂತ್ರದ್ದು. ಅಲ್ಲೂ ನಡೆಯದಿದ್ದರೆ ಮೌಸನ್ನು ಎಸೆಯಬೇಕು. ಈ ಒಂದು ಪರೀಕ್ಷೆಯಿಂದ ಅರ್ಧ ಕಷ್ಟ ಕಳೆಯುತ್ತದೆ.

ದುಂಡು ಪ್ಲಗ್ಗಿನ ಮೌಸಿನ ವಿಷಯ ಬೇರೆ. ಅದನ್ನು ಯಂತ್ರ ನಡೆಯುತ್ತಿರುವಾಗ ಕೀಳಬಾರದು, ಸಿಕ್ಕಿಸಬಾರದು. ಒಳಗಿನ ಮಂಡಲಕ್ಕೆ ಅಪಾಯವಾಗಬಹುದು. ಅಲ್ಲದೆ ಯಂತ್ರ ಅದನ್ನು ಗುರುತಿಸುವುದು ಸಾಮಾನ್ಯವಾಗಿ ಏಳುವ ಹೊತ್ತಿನಲ್ಲಿ ಮಾತ್ರ. ಆದುದರಿಂದ ಕ್ರಮವಾಗಿ ಆರಿಸಿ, ಸಿಕ್ಕಿಸಿ, ಮತ್ತೆ ಎಬ್ಬಿಸಬೇಕು. ಮೌಸಿನ ತೂತೂ ಕೀಲಿಮಣೆಯ ತೂತೂ ಒಂದೇ ಆಕಾರದವು. ಧೂಳು ಒರೆಸಲು ಕಿತ್ತವರು ಅದಲು ಬದಲಾಗಿ ಸಿಕ್ಕಿಸಿದರೆ ಹೆಚ್ಚಿನ ಯಂತ್ರಗಳಲ್ಲಿ ಎರಡೂ ನಡೆಯುವುದಿಲ್ಲ. ಬಣ್ಣ ನೋಡಿ ಸಿಕ್ಕಿಸಿ. ಬಲವಂತವಾಗಿ ಒತ್ತಿದರೆ ಪ್ಲಗ್ಗಿನೊಳಗಿನ ಆರು ಸೂಜಿಗಳಲ್ಲಿ ಯಾವುದಾದರೂ ಬಾಗುತ್ತದೆ. ಬಾಗಿದ್ದರೆ ಸಣ್ಣ ಚಿಮಟದಿಂದ ಮೆಲ್ಲನೆ ನೆಟ್ಟಗೆ ಮಾಡಬಹುದು.

(ಆ) ದೀಪ ಉರಿಯುತ್ತಿದೆ, ಬಾಣ ಕದಲುವುದಿಲ್ಲ. ವಿದ್ಯುತ್ತು ಬರುತ್ತಿದೆ, ಆದರೆ ಯಂತ್ರ ಮೌಸಿನ ಮಾತನ್ನು ತಿಳಿಯುತ್ತಿಲ್ಲ. ಮೊದಲು ತೂತಿನ ಬಣ್ಣ ನೋಡಿ. ಒಳಗೆ ನೀಲಿ ಇದ್ದರೆ ಅದು ಸಾಮಾನ್ಯವಾಗಿ ಯುಎಸ್‌ಬಿ 3. ಎಕ್ಸ್‌ಪಿಗೂ ವಿಂಡೋಸ್ 7ಕ್ಕೂ ಅದರ ಚಾಲಕ ಪ್ರೋಗ್ರಾಂ ಹುಟ್ಟಿನಿಂದ ಬಂದಿಲ್ಲ. ಕಪ್ಪು ಅಥವಾ ಬಿಳಿ ತೂತಿಗೆ ಸಿಕ್ಕಿಸಿದರೆ ಎಷ್ಟೋ ವೇಳೆ ಅಷ್ಟಕ್ಕೇ ಸರಿಹೋಗುತ್ತದೆ. ಹೊಸ ಪೆಟ್ಟಿಗೆಗೆ ಹಳೆಯ ವಿಂಡೋಸ್ 7 ಹಾಕಿಸಲು ಹೋದವರಿಗೆ ಮೌಸೂ ಕೀಲಿಮಣೆಯೂ ಒಟ್ಟಿಗೆ ಕೈಕೊಡುವುದು ಈ ಕಾರಣದಿಂದಲೇ. ವಿಂಡೋಸ್ 98ರಲ್ಲಿ ಯುಎಸ್‌ಬಿ ಮೌಸ್ ಸಿಕ್ಕಿಸಿದರೆ ಮೂಲದ ತಟ್ಟೆಯನ್ನು ಕೇಳಬಹುದು. ತಟ್ಟೆ ಕಳೆದುಹೋಗಿದ್ದರೆ ದುಂಡು ಪ್ಲಗ್ಗಿನ ಮೌಸ್ ಬಳಸುವುದೇ ಸುಲಭ.

ಆದರೂ ಸರಿಹೋಗದಿದ್ದರೆ, ಎಕ್ಸ್‌ಪಿ ಮತ್ತು ವಿಂಡೋಸ್ 7ರಲ್ಲಿ ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿ. ಬರುವ ಚಿಕ್ಕ ಖಾನೆಯಲ್ಲಿ ಇಂಗ್ಲಿಷಿನ ಡಿ-ಇ-ವಿ-ಎಂ-ಜಿ-ಎಂ-ಟಿ, ಒಂದು ಚುಕ್ಕಿ, ಎಂ-ಎಸ್-ಸಿ ಎಂದು ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿದರೆ ‘ಡಿವೈಸ್ ಮ್ಯಾನೇಜರ್’ ತೆರೆಯುತ್ತದೆ. ಇದು ಯಂತ್ರಕ್ಕೆ ಜೋಡಿಸಿರುವ ಅಂಗಗಳ ಪಟ್ಟಿ. ಟ್ಯಾಬ್ ಒತ್ತಿ ಪಟ್ಟಿಯೊಳಗೆ ಹೋಗಿ, ಕೆಳಬಾಣದಿಂದ ಮೌಸಿನ ಸಾಲಿಗೆ ಬಂದು, ಬಲಬಾಣದಿಂದ ಅದನ್ನು ಬಿಡಿಸಬೇಕು. ಹೆಸರಿನ ಪಕ್ಕದಲ್ಲಿ ಹಳದಿ ಗುರುತು ಇದ್ದರೆ ಚಾಲಕ ಪ್ರೋಗ್ರಾಂನಲ್ಲಿ ದೋಷ. ಎಕ್ಸ್‌ಪಿಯಲ್ಲಿ ಕೆಂಪು ಅಡ್ಡಗೀಟು, ವಿಂಡೋಸ್ 7ರಲ್ಲಿ ಕೆಳಮುಖದ ಬಾಣ ಇದ್ದರೆ ಯಾರೋ ಅದನ್ನು ತಡೆಹಿಡಿದಿದ್ದಾರೆ. ಶಿಫ್ಟ್ ಹಿಡಿದು ಎಫ್10 ಒತ್ತಿ ‘ಎನೇಬಲ್’ ಆರಿಸಬೇಕು. ಹಳದಿ ಗುರುತಿದ್ದರೆ ಡಿಲೀಟ್ ಒತ್ತಿ, ಒಪ್ಪಿ, ಯಂತ್ರವನ್ನು ಕ್ರಮವಾಗಿ ಆರಿಸಿ ಎಬ್ಬಿಸಬೇಕು. ಏಳುವಾಗ ಯಂತ್ರ ಮೌಸನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಅಪ್ಪಿತಪ್ಪಿಯೂ ಕೀಲಿಮಣೆಯ ಸಾಲನ್ನು ಅಳಿಸಬಾರದು. ಉಳಿದಿರುವ ಒಂದು ಕೈಯೂ ಹೋದೀತು.

(ಇ) ಹೊಸ ಪ್ರೋಗ್ರಾಂ ಹಾಕಿದ ಮೇಲೆ ಮೌಸ್ ನಿಂತಿದೆ. ಯಂತ್ರ ಏಳುವಾಗ ಎಫ್8 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ‘ಸೇಫ್ ಮೋಡ್’ ಎಂಬ ಆಯ್ಕೆ ಬರುತ್ತದೆ. ಅದು ಅತ್ಯವಶ್ಯಕವಾದುದನ್ನು ಮಾತ್ರ ಇಟ್ಟುಕೊಂಡು ಏಳುವ ಕ್ರಮ. ಅಲ್ಲಿ ಮೌಸ್ ನಡೆದರೆ ತಪ್ಪು ಮೌಸಿನದಲ್ಲ, ಹೊಸದಾಗಿ ಹಾಕಿದ ಪ್ರೋಗ್ರಾಂನದು. ಅದನ್ನು ತೆಗೆಸಬೇಕು.

(ಈ) ಬಾಣ ಜಿಗಿಯುತ್ತದೆ, ನಡುಗುತ್ತದೆ. ಬೆಳಕಿನ ಮೌಸಿನಲ್ಲಿ ಇದಕ್ಕೆ ದೊಡ್ಡ ಕಾರಣ ನಮ್ಮ ಮೇಜಿನ ಗಾಜು. ಸಂಘದ ಕಚೇರಿಗಳಲ್ಲಿ ಮೇಜಿನ ಮೇಲೆ ಗಾಜು ಹಾಸಿ, ಅದರಡಿಯಲ್ಲಿ ದೇವರ ಪಟ, ಕ್ಯಾಲೆಂಡರು, ಫೋನ್ ನಂಬರಿನ ಪಟ್ಟಿ ಇಡುವುದು ರೂಢಿ. ನುಣುಪಾದ ಗಾಜಿನಲ್ಲಿ ಮೌಸಿನ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಮೌಸಿನ ಕೆಳಗೆ ಒಂದು ದಪ್ಪ ಬಿಳಿ ಕಾಗದ ಅಥವಾ ಹಳೆಯ ನೋಟ್ ಪುಸ್ತಕದ ರಟ್ಟು ಇಟ್ಟರೆ ಸಾಕು. ಕಾಗದ ಇಟ್ಟರೂ ನಡುಗಿದರೆ ಕಣ್ಣಿನ ಕುಳಿಯಲ್ಲಿ ಕೂದಲೋ ನಾರಿನ ಎಳೆಯೋ ಸಿಕ್ಕಿರುತ್ತದೆ. ಊದಿ ತೆಗೆಯಬೇಕು, ಸೂಜಿ ಹಾಕಿ ಕೆದಕಬಾರದು.

(ಉ) ಬಾಣ ಒಂದು ದಿಕ್ಕಿಗೆ ಮಾತ್ರ ಓಡುತ್ತದೆ. ಇದು ಗುಂಡಿನ ಮೌಸಿನ ರೋಗ. ಎಡ-ಬಲಕ್ಕೆ ಹೋಗುತ್ತದೆ, ಮೇಲೆ-ಕೆಳಗೆ ಹೋಗುವುದಿಲ್ಲ ಎಂದರೆ ಎರಡು ಉರುಳೆಗಳಲ್ಲಿ ಒಂದಕ್ಕೆ ಕೊಳೆ ಹತ್ತಿದೆ ಎಂದರ್ಥ. ಯಂತ್ರ ಆರಿಸಿ, ಮೌಸ್ ಮಗುಚಿ, ಗುಂಡಿನ ಸುತ್ತಲಿನ ಬಳೆಯನ್ನು ಅದರ ಮೇಲಿನ ಗುರುತಿನ ಕಡೆಗೆ ತಿರುಗಿಸಿದರೆ ಗುಂಡು ಕೈಗೆ ಬರುತ್ತದೆ. ಉರುಳೆಗಳ ನಡುವಿನಲ್ಲಿ ಕಪ್ಪು ಪಟ್ಟಿಯಂತೆ ಕೊಳೆ ಗಟ್ಟಿಯಾಗಿರುತ್ತದೆ. ಬೆರಳ ಉಗುರಿನಿಂದಲೋ ಮರದ ಕಡ್ಡಿಯಿಂದಲೋ ಅದನ್ನು ಬಿಡಿಸಿ, ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಒರೆಸಬೇಕು. ಗುಂಡನ್ನು ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಆರಿಸಿ ಹಾಕಬಹುದು. ‘ಸಲೀಸಾಗಿ ಉರುಳಲಿ’ ಎಂದು ಕೊಬ್ಬರಿ ಎಣ್ಣೆ ಬಿಟ್ಟ ಪುಣ್ಯಾತ್ಮರನ್ನೂ ನೋಡಿದ್ದೇನೆ. ಎಣ್ಣೆ ಬಿದ್ದ ಗುಂಡು ಉರುಳುವುದಿಲ್ಲ, ಜಾರುತ್ತದೆ. ಮರುದಿನ ಇಮ್ಮಡಿ ಧೂಳು ಹಿಡಿಯುತ್ತದೆ.

(ಊ) ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚು ಸವೆದಿದೆ. ಲೆಕ್ಕದ ಕಚೇರಿಯಲ್ಲಿ ಇದು ಎಲ್ಲಕ್ಕಿಂತ ಅಪಾಯಕಾರಿ. ಬಾಣ ನಿಂತರೆ ಕೆಲಸ ನಿಲ್ಲುತ್ತದೆ ಅಷ್ಟೆ. ಇಲ್ಲಿಯಾದರೆ ಒಂದೇ ರಸೀದಿ ಎರಡು ಬಾರಿ ಏರಬಹುದು, ಯಾರಿಗೂ ತಿಳಿಯದೇ ಹೋಗಬಹುದು. ಇದಕ್ಕೆ ರಿಪೇರಿ ಹುಡುಕದೆ ಅಂದೇ ಹೊಸ ಮೌಸ್ ತರಬೇಕು. ಕಳೆದ ಕೆಲವು ದಿನಗಳ ನಮೂದುಗಳನ್ನು ರಸೀದಿಗಳೊಡನೆ ತಾಳೆ ನೋಡಬೇಕು.

(ಋ) ಸ್ವಲ್ಪ ಹೊತ್ತು ಬಿಟ್ಟರೆ ಮೌಸ್ ನಿದ್ದೆ ಹೋಗುತ್ತದೆ. ವಿದ್ಯುತ್ ಉಳಿಸಲೆಂದು ಯಂತ್ರವೇ ಯುಎಸ್‌ಬಿ ತೂತನ್ನು ಆರಿಸುತ್ತಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಸ್‌ಬಿ ರೂಟ್ ಹಬ್’ ಎಂಬುದನ್ನು ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಹಾಳೆಯಲ್ಲಿ, ವಿದ್ಯುತ್ ಉಳಿಸಲು ಈ ಅಂಗವನ್ನು ಆರಿಸಬಹುದು ಎಂಬ ಸಾಲಿನ ಗುರುತನ್ನು ತೆಗೆಯಬೇಕು.

(ಎ) ಎಡಗುಂಡಿ ಬಲಗುಂಡಿಯ ಕೆಲಸ ಮಾಡುತ್ತದೆ. ಇದು ರೋಗವಲ್ಲ. ಎಡಗೈಯವರು ಯಾರೋ ಬಂದು ಬದಲಾಯಿಸಿರುತ್ತಾರೆ. ಕಂಟ್ರೋಲ್ ಪ್ಯಾನೆಲಿನ ‘ಮೌಸ್’ ವಿಭಾಗದಲ್ಲಿ ಮೊದಲಿನಂತೆ ಮಾಡಿಕೊಳ್ಳಬಹುದು. ಬಾಣದ ವೇಗ, ಎರಡು ಒತ್ತುಗಳ ನಡುವಿನ ಅಂತರವನ್ನೂ ಅಲ್ಲೇ ಹೊಂದಿಸಬಹುದು. ತೋಟದ ಕೆಲಸ ಮಾಡಿ ಬೆರಳು ಒರಟಾದ ನಮ್ಮಂಥವರು ಆ ಅಂತರವನ್ನು ಸ್ವಲ್ಪ ನಿಧಾನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಎರಡು ಒತ್ತು ಬೀಳುವುದೇ ಇಲ್ಲ ಎಂದು ದೂರುವವರ ಕಷ್ಟ ಬಹುಪಾಲು ಇದರಿಂದಲೇ ತೀರುತ್ತದೆ.

ನಮ್ಮ ಸೀಮೆಯ ಮೂರು ಶತ್ರುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕಚೇರಿಗಳಿಗೆ ನಗರದವರಿಗಿಲ್ಲದ ಕೆಲವು ಕಾಟಗಳಿವೆ.

ಮೊದಲನೆಯದು ಧೂಳು. ಕಾಯಿ ಸುಲಿಯುವ, ಮಟ್ಟೆ ರಾಶಿ ಹಾಕುವ ಕಡೆ ನಾರಿನ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಅಡಿಕೆ ಸುಲಿಯುವ ಮನೆಗಳಲ್ಲೂ ಹಾಗೆಯೇ. ಯಂತ್ರವನ್ನು ಗೋದಾಮಿನ ಬಾಗಿಲಿಗೆ ಎದುರಾಗಿ ಇಡಬಾರದು. ಸಂಜೆ ಮೌಸನ್ನೂ ಕೀಲಿಮಣೆಯನ್ನೂ ಬಟ್ಟೆಯಿಂದ ಮುಚ್ಚಬೇಕು.

ಎರಡನೆಯದು ಇಲಿ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುವ ನಮಗೆ ಇಲಿಯ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಮಾದರಿಯ ಕೊಬ್ಬರಿ, ಮಧ್ಯಾಹ್ನದ ಊಟದ ಡಬ್ಬಿ ಯಾವುದನ್ನೂ ಯಂತ್ರದ ಮೇಜಿನ ಬಳಿ ಇಡಕೂಡದು. ವೈರುಗಳನ್ನು ನೆಲದ ಮೇಲೆ ಎಳೆದಾಡಲು ಬಿಡದೆ ಮೇಜಿನ ಹಿಂಬದಿಗೆ ಎತ್ತಿ ಕಟ್ಟಬೇಕು. ಹಳೆಯ ಪಿವಿಸಿ ಪೈಪಿನ ತುಂಡಿನೊಳಗೆ ತೂರಿಸಿದರೆ ಇನ್ನೂ ಭದ್ರ.

ಮೂರನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಮಳೆಯಲ್ಲಿ ಗುಡುಗು ಕೇಳಿದೊಡನೆ ಕೆಲಸ ಉಳಿಸಿ, ಕ್ರಮವಾಗಿ ಆರಿಸಿ, ಗೋಡೆಯ ಪ್ಲಗ್ಗನ್ನೇ ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಭೂಸಂಪರ್ಕದ ತಂತಿ ಸರಿಯಾಗಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಮುಖ್ಯವಾದ ಮಾತು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಮೌಸಿನ ಬೆಲೆ ಕೆಲವು ನೂರು ರೂಪಾಯಿ. ಅದರ ಹಿಂದಿರುವ ಸದಸ್ಯರ ಲೆಕ್ಕಕ್ಕೆ ಬೆಲೆ ಕಟ್ಟಲಾಗದು. 2023-24ರ ರಾಜ್ಯ ಆಯವ್ಯಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಸಾಲದ ಮೊತ್ತ ದೊಡ್ಡದಾದಷ್ಟೂ ಗಡುವಿನ ದಿನದ ಒಂದು ತಪ್ಪು ನಮೂದಿನಿಂದ ಆಗುವ ನಷ್ಟವೂ ದೊಡ್ಡದೇ. ಆದುದರಿಂದ ನಮ್ಮ ಕಚೇರಿಯಲ್ಲಿ ಅಂದಿನಿಂದ ಈ ನಾಲ್ಕು ನಿಯಮಗಳನ್ನು ಪಾಲಿಸುತ್ತಿದ್ದೇವೆ; ತಾವೂ ಪಾಲಿಸಬಹುದು.

1. ಹಣ ಕೈಗೆ ಬಂದ ಕ್ಷಣವೇ ರಸೀದಿ ಕೈಗೆ ಹೋಗಬೇಕು. ಯಂತ್ರ ನಿಂತಿದ್ದರೆ ಕೈಬರಹದ ರಸೀದಿ, ಅದರ ಮೇಲೆ ದಿನಾಂಕ ಮತ್ತು ವೇಳೆ. ‘ಆಮೇಲೆ ಬನ್ನಿ’ ಎಂಬ ಮಾತಿಲ್ಲ.
2. ಗಡುವಿನ ದಿನಗಳಲ್ಲಿ ಎರಡು ಗಂಟೆಗೊಮ್ಮೆ ನಮೂದುಗಳನ್ನು ಖಾತೆಗೆ ಏರಿಸಿ, ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆಯಬೇಕು.
3. ಪರೀಕ್ಷಿಸಿದ ಒಂದು ಬದಲಿ ಮೌಸ್, ಅದೂ ಆ ಯಂತ್ರಕ್ಕೆ ಹೊಂದುವ ಪ್ಲಗ್ಗಿನದು, ಬೀರುವಿನಲ್ಲಿ ಸದಾ ಇರಬೇಕು.
4. ತಿಂಗಳಿಗೊಂದು ದಿನ, ಅರ್ಧ ಗಂಟೆ, ಮೌಸನ್ನು ಬದಿಗಿಟ್ಟು ಕೀಲಿಮಣೆಯಿಂದಲೇ ಕೆಲಸ ಮಾಡಬೇಕು. ಬೆರಳಿಗೆ ಅಭ್ಯಾಸವಿಲ್ಲದ ವಿದ್ಯೆ ಜಗಲಿ ತುಂಬ ಜನ ಕುಳಿತಾಗ ನೆನಪಿಗೆ ಬರುವುದಿಲ್ಲ.

ರಸೀದಿ ಕೇಳಿ ಪಡೆಯುವುದು ಸದಸ್ಯರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಕಾರ್ಯದರ್ಶಿಯ ಮೇಲಿನ ವಿಶ್ವಾಸದಿಂದ ರಸೀದಿ ಬಿಟ್ಟು ಹೋಗಬೇಡಿ. ಆ ತಾಯಿ ಈಗಲೂ ಪ್ರತಿ ವರ್ಷ ಬರುತ್ತಾರೆ. ರಸೀದಿ ಕೈಗೆ ಬಂದು, ಅದರ ಮೇಲಿನ ಅಂಕಿಯನ್ನು ಮೊಮ್ಮಗನಿಂದ ಓದಿಸುವವರೆಗೆ ಮೇಜಿನ ಮುಂದಿನಿಂದ ಏಳುವುದಿಲ್ಲ. ಎಲ್ಲ ಸದಸ್ಯರೂ ಹಾಗೆಯೇ ಮಾಡಬೇಕೆಂದು ನನ್ನ ಕೋರಿಕೆ.

ಅಭ್ಯಾಸಕ್ಕೆ

1. ಬಾಣ ನಿಂತಿದೆ, ಕ್ಯಾಪ್ಸ್ ಲಾಕ್ ದೀಪ ಹತ್ತಿ ಆರುತ್ತಿದೆ. ಮೊದಲು ಏನು ಮಾಡುವಿರಿ?
2. ಮೌಸ್ ಕೀಸ್ ನಡೆಯುತ್ತಿರುವಾಗ 25,000 ರೂಪಾಯಿಗಳ ಮೊತ್ತವನ್ನು ಯಾವ ಅಂಕಿಗಳಿಂದ ಹೊಡೆಯುವಿರಿ? ಏಕೆ?
3. ದೀಪ ಉರಿಯುತ್ತಿದ್ದರೂ ಬಾಣ ಕದಲದಿದ್ದರೆ ತೂತಿನ ಬಣ್ಣವನ್ನು ಏಕೆ ನೋಡಬೇಕು?
4. ಒಂದು ಒತ್ತು ಎರಡಾಗುವ ಮೌಸಿನಿಂದ ನಿಮ್ಮ ಖಾತೆಗೆ ಆಗಬಹುದಾದ ತೊಂದರೆ ಯಾವುದು?

ಉತ್ತರಗಳೆಲ್ಲ ಮೇಲಿನ ಪಾಠದಲ್ಲೇ ಇವೆ. ಓದಿದವರು ಮನೆಯ ಮಕ್ಕಳಿಗೂ ಓದಲು ಕೊಡಿ, ಸಂಘದ ಗುಮಾಸ್ತರಿಗೂ ತೋರಿಸಿ.